ಬಿಚ್ಚಿ ಕಟ್ಟಿದ ಪೆಟ್ಟಿಗೆಗಳು

ಮಿಸಾವೊ,

ಅಕ್ಕಿ ಹಿಟ್ಟಿನ ಸಿಹಿ ಮೋಚಿ ಮಾರುವ ನಮ್ಮ ಅಂಗಡಿಗೆ ಹೊಸದಾಗಿ ಬಂದಿರುವ ಶಿಜುಯೆ ಇವತ್ತು ಕಾಗದ ಸುತ್ತಿ ಕಟ್ಟಿದ ಸಿಹಿ ಪೆಟ್ಟಿಗೆಯ ಮೂಲೆ ಉಬ್ಬಿತ್ತು, ನಿನ್ನದು ಉಬ್ಬುತ್ತಿದ್ದ ಹಾಗೆಯೇ. ಪಕ್ಕದಲ್ಲಿ ಕೂತು ಹೇಳಿದೆ: "ಗಂಟು ಚೆನ್ನಾಗಿ ಬಂದಿದೆ. ಮೂಲೇಲಿ ಕಾಗದ ಎಳೀಬೇಡ, ಪೆಟ್ಟಿಗೇನೇ ತಿರುಗಿಸು." ಮೂರನೆಯ ಪೆಟ್ಟಿಗೆಯ ಹೊತ್ತಿಗೆ ಅವಳ ಕೈ ಕುದುರಿತು.

ನಿನಗೆ ಹಾಗೆ ಹೇಳಲಿಲ್ಲ. ಎದುರಿಗೆ ತಪ್ಪು ತೋರಿಸಿದರೆ ನೊಂದುಕೊಳ್ಳುತ್ತೀಯೆಂದು, ನೀನು ಇಲ್ಲಿ ಕೆಲಸಕ್ಕಿದ್ದ ಆರು ವರ್ಷವೂ, ದಿನಾ ಸಂಜೆ ನೀನು ಟ್ರಾಮ್ ಹತ್ತಿದ ಮೇಲೆ ನಿನ್ನ ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ. ಬೆಳಿಗ್ಗೆ ನಿನ್ನನ್ನು ಹೊಗಳಿದೆ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆ.

ಮರೆತ ಕೊಡೆಗಾಗಿ ನೀನು ವಾಪಸ್ ಬಂದ ಸಂಜೆ, ನಿನ್ನ ಪೆಟ್ಟಿಗೆ ನನ್ನ ಮಡಿಲಲ್ಲಿ ಬಿಚ್ಚಿಕೊಂಡಿತ್ತು.

"ಎಷ್ಟು ದಿನದಿಂದ, ಅಮ್ಮಾ?"

"ಇದೊಂದೇ ಕಣೇ," ಎಂದು ಸುಳ್ಳು ಹೇಳಿದೆ. ನನ್ನ ಪಕ್ಕದಲ್ಲಿದ್ದ ಸುಕ್ಕು ಕಾಗದದ ರಾಶಿಯನ್ನು ನೋಡಿ, ನೀನು ಬಾಗಿ ನಮಸ್ಕರಿಸಿ ಹೊರಟುಹೋದೆ. ಮತ್ತೆ ಕೆಲಸಕ್ಕೆ ಬರಲಿಲ್ಲ. ಕೊಡೆ ಇಲ್ಲೇ ಇದೆ.

"ಇಷ್ಟೇನಾ ಅಮ್ಮಾ?" ಎಂದು ಇವತ್ತು ಆ ಮೂರನೆಯ ಪೆಟ್ಟಿಗೆ ಕೆಳಗಿಟ್ಟು ಶಿಜುಯೆ ನಕ್ಕಳು. "ಮುಂಚೆ ಇದ್ದೋರು ಎಷ್ಟು ದಿನಕ್ಕೆ ಕಲಿತರು?"

"ಅವಳಿಗೆ ಯಾರೂ ಹೇಳ್ಕೊಡಲಿಲ್ಲ," ಎಂದೆ.

ಇವತ್ತೂ 'ನಾನು ಹೇಳ್ಕೊಡಲಿಲ್ಲ' ಎನ್ನಲಿಲ್ಲ, ಮಿಸಾವೊ.