ಕೆಂಪು ಉಗುಳು

ಪಖೋಕ್ಕು, ಬರ್ಮಾ
೧೪ ಆಗಸ್ಟ್ ೨೦೦೬

ನನ್ನ ಕೋ ಫ್ಯೋ ಅವರಿಗೆ,

ಆರೋಗ್ಯವೇ? ದುಡಿಯಲು ಹೋದ ಆ ಪಿನಾಂಗಿನ ಊಟ ಈಗಲಾದರೂ ಸೇರುತ್ತಿದೆಯೇ? ನಾನೂ ಮಗಳು ಸೂ ಮ್ಯಾತ್‌ಳೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ.

ಈ ಸಲ ಮಳೆಗಾಲದ ವ್ರತ, ವರ್ಷಾವಾಸದ ಮೂರು ತಿಂಗಳು ಎಲೆಅಡಿಕೆ ಬಿಡುತ್ತೇನೆಂದು ಬುದ್ಧನ ಮುಂದೆ ಹರಕೆ ಹೊತ್ತೆ. ನಗಬೇಡಿ, ಬೀಡಾ ಅಂಗಡಿಯವಳಿಗೂ ಭಕ್ತಿ ಇರುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದರೆ, ಅಯ್ಯೋ, ಕೆಂಪು! ಎಲೆ ಮುಟ್ಟಿ ನಾಲ್ಕು ದಿನವಾಗಿತ್ತು. ಇಪ್ಪತ್ತು ವರ್ಷ ಎಲೆಯ ರಂಗೆಂದು ಉಗುಳಿದ್ದರಲ್ಲಿ ನನ್ನ ರಕ್ತ ಎಷ್ಟಿತ್ತೋ, ಯಾರಿಗೆ ಗೊತ್ತು?

ಹಲ್ಲಿನ ಡಾಕ್ಟರಮ್ಮ ನಮ್ಮ ಸೂ ಮ್ಯಾತ್‌ಗಿಂತ ಸ್ವಲ್ಪ ದೊಡ್ಡವಳು, ಅಷ್ಟೆ. "ಬುಡದಲ್ಲಿ ಕೊಳೆ ಕಟ್ಟಿ ಕಲ್ಲಾಗಿದೆಯಮ್ಮಾ. ಒಸಡು ಬಿಟ್ಕೊಂಡಿದೆ, ಒಳಗಿನ ಮೂಳೆ ಸವೆದಿದೆ. ಸವೆದದ್ದು ಮತ್ತೆ ಬೆಳೆಯಲ್ಲ. ರಕ್ತ ಬಂದಾಗಲೇ ಯಾಕೆ ಬರಲಿಲ್ಲ?" ಎಂದಳು. ಕೆಂಪು ಉಗುಳುವವರಿಗೆ ಕೆಂಪು ಹೇಗಮ್ಮಾ ಕಾಣತ್ತೆ ಎಂದೆ. ಕೆಳಗಿನ ಮುಂದಿನ ಮೂರು ಹಲ್ಲು ಕಿತ್ತಳು. ಒಂದರಲ್ಲೂ ಹುಳುಕಿರಲಿಲ್ಲ, ಹೊಟ್ಟೆ ಉರಿಯಿತು.

ನಿಮ್ಮ ಮಾತು ನೆನಪಿದೆಯೇ? "ರಕ್ತ ಬರೋ ಕಡೆ ಬ್ರಷ್ ಹಾಕ್ಬೇಡ ಕಣೇ. ಇನ್ನೊಂದು ಬೀಡಾ ಹಾಕ್ಕೋ, ಒಸಡು ಗಟ್ಟಿಯಾಗತ್ತೆ." ದೊಡ್ಡ ಪಂಡಿತರು! ಉಜ್ಜದೆ ಬಿಟ್ಟ ಕಡೆಯೇ ಕೊಳೆ ಬೆಳೆದು ಎಲ್ಲ ಸಡಿಲವಾಯಿತಂತೆ. ನಿಮ್ಮನ್ನು ಬೈದು ಏನು ಬಂತು, ಅದೇ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ನಾನೂ ಹೇಳಿದ್ದೇನೆ. ಅಂಗಡಿ ಇನ್ನೂ ಮುಚ್ಚಿಲ್ಲ. ಮುಚ್ಚಿದರೆ ತಿನ್ನುವುದೇನು? ಪಕ್ಕದ ಮೀನಿನವಳು ದಿನಾ ಕೇಳುತ್ತಾಳೆ: "ಏನಕ್ಕಾ, ನಿನ್ನ ಸರಕು ನೀನೇ ತಿಂದು ಮುಗಿಸ್ದ್ಯಾ, ಹಲ್ಲು ಸಮೇತ?" ಕೇಳಿ, ಬೀಡಾ ಕಟ್ಟಿಸಿಕೊಂಡು ಹೋಗುತ್ತಾಳೆ.

ಸೂ ಮ್ಯಾತ್‌ಳನ್ನೂ ಎಳೆದುಕೊಂಡು ಹೋದೆ. ಅವಳದು ಊತವಷ್ಟೇ, ಮೂಳೆಗೆ ಇಳಿದಿಲ್ಲ. ಕಲ್ಲು ಕೆರೆದು ತೆಗೆದರು. ದಿನಕ್ಕೆರಡು ಸಲ ಮೆತ್ತಗಿನ ಬ್ರಷ್ಷಿನಲ್ಲಿ ಒಸಡಿನ ಅಂಚಿನವರೆಗೂ ಉಜ್ಜಬೇಕು, ಎಲೆ ಬಿಡಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು. ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಮುನಿಸಿಕೊಳ್ಳಲಿ, ಹಲ್ಲು ಉಳಿದರೆ ಸಾಕು.

ಬುದ್ಧ ನಿಮ್ಮನ್ನು ಕಾಯಲಿ. ನನಗಂತೂ ಇಲ್ಲಿಂದ ಆಗುತ್ತಿಲ್ಲ.

ಏನಾದರೂ ನಿಮ್ಮವಳೇ,
ಯಿ ಮೋನ್

ತಾ.ಕ.: ನೀವು ಕಳಿಸಿದ ಮೂರೂ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಮದುವೆಯ ದಿನ ಹಿರಿಯರ ಮುಂದೆಯೂ ಬಾಯಿತುಂಬ ನಕ್ಕಿದ್ದವರು ನೀವು. ಮೂರರಲ್ಲೂ ಬಾಯಿ ಬಿಗಿದಿದ್ದೀರಿ, ಕೊನೆಯದರಲ್ಲಿ ಕೆನ್ನೆಯೂ ಒಳಗೆ ಹೋಗಿದೆ. ನನ್ನವು ಮೂರು ಹೋದವು, ಹೇಳಿದ್ದೇನೆ. ನಿಮ್ಮವು ಎಷ್ಟು ರೀ?