ನೆನೆಯದ ಪೀಪಿ

ಮಾರ್ಚ್ 4, ಬೆಳಿಗ್ಗೆ

ಪೀಪಿ ಇವತ್ತೂ ನೆನೆಯಲಿಲ್ಲ. ನಾಗಸ್ವರದ ತುದಿಗೆ ಸಿಕ್ಕಿಸುವ ಪೀಪಿ, ಬಾಯಲ್ಲಿ ಒಂದು ಗಳಿಗೆ ಇಟ್ಟರೆ ಜೊಲ್ಲಿಗೆ ಮೆತ್ತಗಾಗಬೇಕು. ನೀರಿಗೆ ಅದ್ದಿದೆ. ಎರಡು ಸಾಲು ನುಡಿಯಿತು, ಮತ್ತೆ ಗೊರಗೊರ. ಲೋಕೇಶ್ ಡೋಲು ಬಿಗಿಯುತ್ತಾ ಕೂತಿದ್ದರು.

"ಮದ್ವೆ ಮುಗ್ದು ಗಂಡು-ಹೆಣ್ಣು ಊಟಕ್ಕೆ ಕೂತ್ರೂ ನಿನ್ ಪೀಪಿ ನೆನೆಯಲ್ಲ ಕಣೇ."

ಕಟ್ಟಿಕೊಂಡ ಗಂಡನ ಮಾತು ಇದು! ನಗು ಬರಲಿಲ್ಲ. ಮುದ್ದೆ ಗಂಟಲಲ್ಲೇ ನಿಲ್ಲುತ್ತೆ. ಕಣ್ಣಲ್ಲಿ ಮರಳು ಬಿದ್ದ ಹಾಗೆ. ಯಾರಿಗೂ ಹೇಳಿಲ್ಲ.

ಒಂದು ಉಪಾಯ ಸಿಕ್ಕಿದೆ — ಹುಣಸೆಹಣ್ಣು. ಹಿಂದೆ ಮದುವೆಮನೆಯ ತುಂಟರು ಅಪ್ಪನ ಮುಂದೆ ನಿಂತು ಹುಣಸೆಹಣ್ಣು ಚೀಪುತ್ತಿದ್ದರು. ನೋಡಿದರೆ ಸಾಕು, ಬಾಯಲ್ಲಿ ನೀರೂರಿ ಓಲಗ ಕೆಡುತ್ತೆ. ಮುಹೂರ್ತದ ದಿನ ನಮ್ಮನೆಯಲ್ಲಿ ಸಾರಿಗೂ ಹುಣಸೆ ಹಾಕಬಾರದು ಅನ್ನುತ್ತಿದ್ದರು ಅಪ್ಪ. ಈಗ ನಾನು ಹಗಲೆಲ್ಲ ದವಡೆಯಲ್ಲಿ ಒಂದು ಉಂಡೆ ಇಟ್ಟುಕೊಂಡೇ ಇರುತ್ತೇನೆ. ಒಂಚೂರು ಪಸೆ ಬರುತ್ತೆ. ಅಷ್ಟು ಸಾಕು.

ಮೇ ತಿಂಗಳಲ್ಲಿ ತಂಗಿ ಬಿಂದು ಮದುವೆ. ಲಕ್ವ ಹೊಡೆದ ಮೇಲೆ ಅಪ್ಪನಿಗೆ ಊದಲು ಆಗುವುದಿಲ್ಲ. ಬಾಯಿ ಒಂದು ಕಡೆ ಜೋತಿದೆ, ಜೊಲ್ಲು ಸುರಿಯುತ್ತಲೇ ಇರುತ್ತೆ, ಹೆಗಲ ಮೇಲೆ ಟವೆಲ್. ಅವರದ್ದು ಒಂದೇ ಹಟ —

"ಬಿಂದು ಗಟ್ಟಿಮೇಳ ನೀನೇ ಊದ್ಬೇಕು ಚಾಮಿ. ಹೊರಗಿನವರ್ನ ಕರೆದ್ರೆ ನಾನ್ ಛತ್ರಕ್ಕೇ ಬರಕಿಲ್ಲ."

ಮಾರ್ಚ್ 21

ಕುವೆಂಪುನಗರ. ಡಾಕ್ಟರ್ ಲಾಸ್ಯ. ಕಣ್ಣಿನ ರೆಪ್ಪೆಯೊಳಗೆ ಕಾಗದದ ಪಟ್ಟಿ ಇಟ್ಟರು. ಒದ್ದೆಯೇ ಆಗಲಿಲ್ಲ. ಬಾಯಿ ಒಣಗಿ ಅಳು ಬಂದಿದೆ, ಕಣ್ಣೀರು ಮಾತ್ರ ಇಲ್ಲ. ಬ್ಲಡ್ ಟೆಸ್ಟ್. ಕೆಳತುಟಿಯ ಒಳಗಿಂದ ಒಂಚೂರು ಕತ್ತರಿಸಿ ಬಯಾಪ್ಸಿ ಮಾಡಬೇಕಂತೆ. ತುಟಿ! ಓಲಗದವಳ ತುಟಿ! ಆಗಲ್ಲ ಅಂದೆ. ಆಮೇಲೆ ಹೂಂ ಅಂದೆ.

ಏಪ್ರಿಲ್ 10

ಶೋಗ್ರೆನ್ಸ್ ಅಂತೆ, ಕಣ್ಣು-ಬಾಯಿ ಒಣಗಿಸುವ ಕಾಯಿಲೆ. ಡಾಕ್ಟರ್ ಬಿಡಿಸಿ ಹೇಳಿದರು.

"ಮೈಯೊಳಗೆ ಹುಟ್ಟಿನಿಂದಲೇ ಇರೋ ಕಾವಲಿನವರು ಇರ್ತಾರಮ್ಮ. ಅವರಿಗೆ ಶತ್ರುವಿನ ಗುರುತು ಬೇಕಿಲ್ಲ, ಅನುಮಾನ ಬಂದ್ರೆ ಸಾಕು, ಕೂಗ್ತಾರೆ. ಆ ಕೂಗಿಗೇ ಇಂಟರ್‌ಫೆರಾನ್ ಅನ್ನೋದು. ನಿಮ್ಮ ಜೊಲ್ಲಿನ ಗ್ರಂಥಿಗಳಲ್ಲಿ ಕೂಗು ನಿಲ್ತಾನೇ ಇಲ್ಲ. ಗ್ರಂಥಿಯ ಸ್ವಂತ ಜೀವಕೋಶಗಳೂ ಜೊತೆಗೆ ಕೂಗ್ತವೆ. ಅದನ್ನ ಕೇಳಿ, ಶತ್ರುನ ಗುರುತಿಟ್ಟು ಹೊಡೆಯೋ ಸೈನ್ಯ ಬರುತ್ತೆ. ಬಂದು ಗ್ರಂಥಿಯನ್ನೇ ಹೊಡೆಯುತ್ತೆ."

"ಮೊದಲು ಕೂಗಿದ್ದು ಯಾಕೆ ಮೇಡಂ?"

"ಯಾವುದೋ ವೈರಸ್ ಇರಬಹುದು. ಖಚಿತವಾಗಿ ಗೊತ್ತಿಲ್ಲ."

ಬಸ್ಸಲ್ಲಿ ಯೋಚಿಸುತ್ತಾ ಬಂದೆ. ಪುರೋಹಿತರು "ಗಟ್ಟಿಮೇಳ" ಅಂದರೆ ನಾವು ಜೀವ ಬಿಟ್ಟು ಬಾರಿಸುತ್ತೇವೆ, ಅವರು ಕೈ ಆಡಿಸಿದರೆ ನಿಲ್ಲಿಸುತ್ತೇವೆ. ನನ್ನೊಳಗೆ ಯಾರು ಗಟ್ಟಿಮೇಳ ಅಂದರೋ ಗೊತ್ತಿಲ್ಲ. ಕೈ ಆಡಿಸುವವರೂ ಇಲ್ಲ.

ಕೂಗು ತಗ್ಗಿಸಲು ಒಂದು ಮಾತ್ರೆ. ಅದು ಕೆಲಸ ಮಾಡಲು ತಿಂಗಳುಗಟ್ಟಲೆ ಬೇಕು. ಜೊಲ್ಲು ಬರಿಸಲು ಇನ್ನೊಂದು. ಬೆವರು ಬಂತು... ಜೊಲ್ಲು ಬರಲಿಲ್ಲ.

ಏಪ್ರಿಲ್ 27

ಹಲ್ಲಿನ ಡಾಕ್ಟರ್ ಬೈದರು. ಮುಂದಿನ ಹಲ್ಲುಗಳು ಬುಡದಲ್ಲಿ ಸುಣ್ಣದ ಹಾಗೆ ಉದುರುತ್ತಿವೆ. ಹುಳಿಯನ್ನು ತೊಳೆಯುವುದು ಜೊಲ್ಲು. ಅದಿಲ್ಲದ ಬಾಯಲ್ಲಿ ಹಗಲೆಲ್ಲ ಹುಣಸೆ ಇಟ್ಟುಕೊಂಡರೆ ಹಲ್ಲನ್ನೇ ತಿನ್ನುತ್ತೆ. "ಯಾರಮ್ಮ ಹೇಳಿಕೊಟ್ಟಿದ್ದು?" ಅಂದರು.

ಯಾರೂ ಇಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕ. ಮುಂದಿನ ಹಲ್ಲಿನ ಆಸರೆಯಿಲ್ಲದೆ ತುಟಿ ಪೀಪಿಯನ್ನು ಹಿಡಿಯುವುದು ಹೇಗೆ?

ಮೇ 8

ಅಪ್ಪನಿಗೆ ನನ್ನ ಕಾಯಿಲೆ ಗೊತ್ತಾಗಿ ಹೋಯಿತು. ಲೋಕೇಶ್ ಬಾಯಿಬಿಟ್ಟಿದ್ದಾರೆ. ಬೈಯುತ್ತಾರೆ ಅಂದುಕೊಂಡೆ. ನನ್ನ ಕೈಯಿಂದ ಪೀಪಿ ಕಿತ್ತುಕೊಂಡು ಜೋತ ಬಾಯಿಯೊಳಗೆ ಇಟ್ಟುಕೊಂಡರು. ಹಾಗೇ ಕೂತರು. ಆಮೇಲೆ ತೆಗೆದುಕೊಟ್ಟರು. ಚೆನ್ನಾಗಿ ನೆನೆದಿತ್ತು.

"ನಂದು ಸುಮ್ನೆ ಸುರ್ದು ಓಯ್ತಾ ಇತ್ತಲ್ಲವ್ವ. ತಕೊ."

ಊದಿದೆ. ಹಳೆಯ ನಾದ! ಲೋಕೇಶ್ ಆಚೆ ಎದ್ದು ಹೋದರು, ಮುಖ ತೋರಿಸಲಿಲ್ಲ. ಎಂಜಲು ಅಂತ ಯಾರಾದರೂ ಅಂದರೆ ಅನ್ನಲಿ. ಎಷ್ಟು ಖುಷಿಯಾಯಿತು ಅಂದರೆ... ಅನ್ನ ತಿಂದೆ, ಎರಡು ಲೋಟ ನೀರಿನ ಜೊತೆ.

ಮೇ 18, ಸಂಜೆ

ವಿಜಯನಗರದ ಛತ್ರ. ಬಿಂದು ಮದುವೆ ಮುಗಿಯಿತು.

ಅಪ್ಪ ನನ್ನ ಪಕ್ಕದಲ್ಲೇ, ಟವೆಲ್ ಮರೆಯಲ್ಲಿ. ಅವರ ಬಾಯಲ್ಲಿ ಒಂದು ಪೀಪಿ, ನನ್ನ ಬಾಯಲ್ಲಿ ಒಂದು. ನನ್ನದು ಒಣಗಿದರೆ ಬದಲಾಯಿಸುವುದು. ಬೆಳಿಗ್ಗೆಯಿಂದ ಒಂದು ಅಪಸ್ವರವಿಲ್ಲ. ಬಿಂದು ಹಸೆಮಣೆಯಿಂದಲೇ ಹುಬ್ಬು ಹಾರಿಸಿದಳು, ಹುಚ್ಚಿ.

"ಗಟ್ಟಿಮೇಳ, ಗಟ್ಟಿಮೇಳ!"

ಇದ್ದಬದ್ದ ಉಸಿರೆಲ್ಲ ಹಾಕಿದೆ. ಕಟ್ ಅಂತು. ಮುಂದಿನ ಹಲ್ಲು. ತುಟಿ ಒಳಗೆ ಕುಸಿಯಿತು, ಪೀಪಿ ಜಾರಿತು, ಬರೀ ಗಾಳಿ. ಲೋಕೇಶ್ ನನ್ನ ಬಾಯಲ್ಲಿ ರಕ್ತ ನೋಡಿ ಗಾಬರಿಯಾಗಿ ಡೋಲು ನಿಲ್ಲಿಸಿಬಿಟ್ಟರು. ಆ ಗಳಿಗೆಯಲ್ಲಿ ನಾನು — "ಅಯ್ಯೋ" ಅಂದೆ.

ತಾಳಿ ಕಟ್ಟುವಾಗ ಕೆಟ್ಟ ಮಾತು ಕಿವಿಗೆ ಬೀಳದಿರಲಿ ಅಂತಲೇ ಅಲ್ಲವೇ ಗಟ್ಟಿಮೇಳ? ಇಡೀ ಛತ್ರಕ್ಕೆ ಕೇಳಿಸಿತು. ನನ್ನ ತಂಗಿಯ ತಾಳಿಗೆ ನಾನೇ ಅಪಶಕುನ. ಬಿಂದು ತಲೆ ಎತ್ತಿ ನೋಡಿದಳು. ಬೈಯಲಿಲ್ಲ. ಅದೇ ತಡೆಯಲಾಗುತ್ತಿಲ್ಲ.

ಜೂನ್ 11

ಇನ್ನೆರಡು ಹಲ್ಲು ಕೀಳಿಸಿದೆ. ಮಾತ್ರೆ ನುಂಗುತ್ತಿದ್ದೇನೆ. ನಾಗಸ್ವರಕ್ಕೆ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟೆ. ಇನ್ನು ಊದಲ್ಲ ಅಂತ ಲೋಕೇಶರಿಗೆ ಹೇಳಿದ್ದೇನೆ. ಅಪ್ಪನಿಗೆ ಹೇಳಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಜಗಲಿ ಮೇಲೆ ಕೂತಿದ್ದಾರೆ. ಬಾಯಲ್ಲಿ ಪೀಪಿ. ಯಾವಾಗಿನಿಂದ ಕೂತಿದ್ದರೋ, ಅಂಗಿಯೆಲ್ಲ ಒದ್ದೆ.

"ನೆಂದದೆ ಚಾಮಿ, ತಕೊ."

ತೆಗೆದುಕೊಂಡೆ. ಬೋಡು ಬಾಯಿಗೆ ಇಟ್ಟುಕೊಂಡೆ. ಮೆತ್ತಗಿತ್ತು, ಬೆಚ್ಚಗಿತ್ತು. ಅಪ್ಪ ತಾಳ ಹಾಕಲು ಕೈ ಎತ್ತಿ ಕಾಯುತ್ತಿದ್ದರು. ನಾಗಸ್ವರ ಅಟ್ಟದ ಮೇಲೇ ಇತ್ತು; ಗಾಳಿಯೇ ಬರುವುದು ಅಂತ ಗೊತ್ತಿದ್ದೂ ನಾನು ಬರೀ ಪೀಪಿಯನ್ನೇ ಊದಿದೆ.