ಕೋನಪ್ಪನವರ ಒಮೇಗಾ

18-7-60
ನೀರು ಸೇದಿ, ಮುದ್ದೆ ತಿರುವಿ, ಸ್ಕೂಲಿಗೆ ಓಡಿದ್ದೇ. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಎರಡೂ ನನಗೇ. ಕೊಂಡಮ್ಮ ಟೀಚರು ಬಾಣಂತನಕ್ಕೆ ಹೋಗಿದಾರೆ. ಗಂಟಲು ಕಟ್ಟಿದೆ.

ಮನೆಗೆ ಬಂದರೆ ಜಗಲಿ ಮೇಲೆ ಕೋನಪ್ಪನವರು. ನಮ್ಮ ಯಜಮಾನರ ಮೊದಲ ಹೆಂಡತಿ ಮಂಗಮ್ಮನ ತಂದೆ. ಮಂಗಮ್ಮ ಟೈಫಾಯ್ಡಲ್ಲಿ ಹೋಗಿ ಐದು ವರ್ಷ. ನಾನು ಈ ಮನೆಗೆ ಬಂದು ಎರಡು. ಆದರೂ ತಿಂಗಳಿಗೊಮ್ಮೆ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸು ಹತ್ತೋದು ಬಿಟ್ಟಿಲ್ಲ. ಅಳಿಯನ್ನ ನೋಡೋಕೋ, ಅಳಿಯನಿಗೆ ಮದುವೇಲಿ ಕೊಟ್ಟ ಒಮೇಗಾ ವಾಚು ನೋಡೋಕೋ.

ಕಾಫಿ ಕುಡೀತಾ ಇವರ ಕೈಯಿಂದ ವಾಚು ಬಿಚ್ಚಿಸಿಕೊಂಡರು. ಕೀ ಕೊಟ್ಟು ಕಿವಿಗಿಟ್ಟುಕೊಂಡರು. ಆಮೇಲೆ ಅದೇ ಕಥೆ. ಬೆಂಗಳೂರು ದಂಡು ಪ್ರದೇಶದ ಅಂಗಡಿ, ಗಾಜಿನ ಮೇಲೆ ಸಾಲಾಗಿ ಇಟ್ಟ ಸ್ವಿಸ್ ವಾಚುಗಳು...

"ರೋಲೆಕ್ಸು ದೊರೆಗಳ ಕೈಗಮ್ಮ. ಅದರ ಗತ್ತೇ ಬೇರೆ. ವೆಸ್ಟ್ ಎಂಡು ಮಿಲಿಟರಿಯೋರದು, ರೈಲ್ವೆಯೋರದು, ಎತ್ತಿನ ಹಾಗೆ ದುಡಿಯತ್ತೆ. ಫೇವರ್ ಲ್ಯೂಬಾ ವಕೀಲರಿಗೆ ಸರಿ. ಒಮೇಗಾ ಸಂಸಾರಸ್ಥ. ಜಂಬ ಇಲ್ಲ. ನೂರು ವರ್ಷದ ಮನೆತನ ಅಂದ ಅಂಗಡಿಯೋನು. ಹೆಣ್ಣು ಕೊಡೋವಾಗ ಮನೆತನ ನೋಡಲ್ವ?"

ಆ ಸ್ವಿಸ್ ಸೀಮೇಲಿ ಹಿಮ ಬಿದ್ದರೆ ಹೊಲದ ಕೆಲಸ ಇರಲಿಲ್ಲವಂತೆ. ರೈತರೇ ಮನೇಲಿ ಕೂತು ಸಣ್ಣ ಸಣ್ಣ ಚಕ್ರ ಮಾಡ್ತಿದ್ದರಂತೆ, ತಾತ ಮೊಮ್ಮಗನಿಗೆ ಕಲಿಸಿ.

"ನಮ್ಮೋರು ರೇಷ್ಮೆ ತೆಗೆಯೋಕೆ ಕೂತ ಹಾಗೇ ಅನ್ನು."

ಎಷ್ಟು ಸಲ ಕೇಳಿದೀನೋ. ಕಣ್ಣು ಎಳೀತಿತ್ತು. ಹೂಂ ಅಂದೆ.

29-8-60
ಕೋನಪ್ಪನವರ ಮಗ ಚೆನ್ನರಾಯಪ್ಪ ಬಂದಿದ್ದ. ಕೂರಲಿಲ್ಲ. ಮಗಳಿಗೆ ಗಂಡು ಗೊತ್ತಾಗಿದೆ. ಗಂಡಿನೋರಿಗೆ ಸ್ವಿಸ್ ವಾಚೇ ಆಗಬೇಕಂತೆ. ಇಂಪೋರ್ಟ್ ಬಿಗಿಯಾಗಿದೆ, ಅಂಗಡೀಲಿ ಹೊಸದು ಸಿಗ್ತಿಲ್ಲ.

"ಭಾವ, ನಿಮಗೀಗ ಬೇರೆ ಸಂಸಾರ, ಬೇರೆ ಬೀಗರು. ಆ ವಾಚು ನಮ್ಮ ಮಂಗಮ್ಮನ ಲೆಕ್ಕದಲ್ಲಿ ಕೊಟ್ಟಿದ್ದು. ನಮ್ಮನೆಗೇ ಬರಲಿ."

"ಮಾವನವರಿಗೆ ಗೊತ್ತಾ?" ಅಂದರು ಇವರು.

"ಅಪ್ಪನಿಗೆ ನಾನು ಹೇಳ್ಕೋತೀನಿ ಬಿಡಿ."

ಇವರು ಬಿಚ್ಚಿ ಕೊಟ್ಟರು. ಮಣಿಕಟ್ಟಲ್ಲಿ ಬಿಳಿ ಪಟ್ಟೆ ಉಳೀತು. ಊಟಕ್ಕೆ ಕೂತು ಅರ್ಧಕ್ಕೇ ಎದ್ದರು.

ನಿಜ ಬರೀತೀನಿ. ಹೋದರೆ ಹೋಗಲಿ ಅನ್ನಿಸಿತು. ದಿನಾ ಬೆಳಿಗ್ಗೆ ಆ ಕೀ ಕೊಡೋ ಸದ್ದು... ಮಂಗಮ್ಮ ಇನ್ನೂ ಮನೇಲೇ ಓಡಾಡ್ತಿದ್ದ ಹಾಗಿರೋದು.

16-9-60
ಕೋನಪ್ಪನವರು ಬಂದರು. ಮೊದಲು ನೋಡಿದ್ದೇ ಇವರ ಕೈ.

"ವಾಚೆಲ್ಲಪ್ಪ ಮುನಿನಾರಾಯಣಪ್ಪ?"

ಮಗ ಹೇಳೇ ಇಲ್ಲ. ಇವರು ನೆಲ ನೋಡ್ತಾ ಕೂತರು. ನಾನೇ ಅಂದೆ, "ಆಯಿಲಿಂಗಿಗೆ ಕೊಟ್ಟಿದೀವಿ. ನೀವು ತಗೊಂಡ ದಂಡಿನ ಅಂಗಡೀಗೇ."

"ಒಳ್ಳೇದಾಯ್ತು. ಅದನ್ನ ಕಂಡಕಂಡೋರ ಕೈಗೆ ಕೊಡಬಾರದು."

ಆಮೇಲೆ ಇವರು ಕೇಳಿದರು, "ಯಾಕೆ ಹಾಗಂದೆ?" ಮುದುಕರಿಗೆ ಮಗನ ಮೇಲೆ ಬೇಜಾರಾಗಬಾರದು ಅಂತ. ಅಥವಾ ಆ ಮಾತು ಅಲ್ಲಿಗೇ ಮುಗೀಲಿ ಅಂತ. ಗೊತ್ತಿಲ್ಲ. ಸುಸ್ತಾಗಿತ್ತು.

14-10-60
ಸಂಜೆ ಬೆಂಗಳೂರು ಬಸ್ಸಿಂದ ಇಳಿದು ಬಂದರು ಕೋನಪ್ಪನವರು. ಪಂಚೆ ತುಂಬಾ ಧೂಳು. ಮುಖ ಇಷ್ಟೇ ಆಗಿತ್ತು. ಅಳಿಯನಿಗೆ ವಾಚು ತಾವೇ ಬಿಡಿಸಿಕೊಂಡು ಬರಣ ಅಂತ ಒಬ್ಬರೇ ಹೋಗಿದ್ದರಂತೆ. ಅಂಗಡಿಯೋರು ಹುಡುಕಿ ಹುಡುಕಿ, ಇಲ್ಲಿಗೆ ಬಂದೇ ಇಲ್ಲ ಅಂದರಂತೆ. ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟರಂತೆ.

"ಮಾರಿಬಿಟ್ಯೇನಪ್ಪ?" ಅಂತ ಇವರನ್ನ ಕೇಳಿದರು. ಜಗಳದ ದನಿ ಅಲ್ಲ. "ಕಷ್ಟ ಇದ್ದರೆ ಹೇಳಬಾರದಾ."

ಇವರು ಬರೀ ಮಣಿಕಟ್ಟು ಉಜ್ಜಿಕೊಂಡರು. ನನಗೆ ತಡೆಯೋಕಾಗಲಿಲ್ಲ. "ಇವರೇನೂ ಮಾರಿಲ್ಲ. ನಿಮ್ಮ ಮಗ ಬಂದು ಇಸ್ಕೊಂಡು ಹೋದರು. ಮೊಮ್ಮಗಳ ಗಂಡನಿಗೆ ಅಂತ. ಸುಳ್ಳು ಹೇಳಿದ್ದು ನಾನು."

ಕೋನಪ್ಪನವರು ಟವೆಲಿಂದ ಮುಖ ಒರೆಸಿಕೊಂಡರು. "ಕೊಟ್ಟಿದ್ದನ್ನ ಕಿತ್ಕೊಂಡು ಬಂದನಾ... ಯಾವ ಮುಖ ಇಟ್ಕೊಂಡು ನಾನು ಇಲ್ಲಿಗೆ ಬರಲಮ್ಮ."

ಚಾಪೆ ಹಾಸಿಕೊಟ್ಟೆ.

2-12-60
ಬರೆಯೋಕೆ ಪುರುಸೊತ್ತಿಲ್ಲ. ಕೋನಪ್ಪನವರು ಇಲ್ಲೇ ಇದಾರೆ. ಮಗ ಒಂದು ಸಲ ಕರೆಯೋಕೆ ಬಂದ. ಮುದುಕರು ಏಳಲಿಲ್ಲ. ಅವನು ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿ ಹೋದ.

ಅವರಿಗೆ ಬಿಸಿನೀರು, ಅವರಿಗೆ ಮೆತ್ತಗೆ ಮುದ್ದೆ. ಕೆಮ್ಮು ಬೇರೆ. ಪಕ್ಕದ್ಮನೆ ಓಬಳಮ್ಮ ನಲ್ಲಿ ಹತ್ತಿರ ಕೇಳಿದಳು, "ಸವತಿ ಅಪ್ಪನಿಗೂ ನೀನೇ ಬೇಯಿಸಿಹಾಕಬೇಕೇನೇ?" ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಬಂದೆ.

7-1-61
ಬೆಳಿಗ್ಗೆ ಹಾಲು ಉಕ್ಕಿ ಚೆಲ್ಲಿತು. ಸ್ಕೂಲಿಗೆ ಲೇಟು. ಕೋನಪ್ಪನವರು ಅವರೇಕಾಯಿ ಬಿಡಿಸ್ತಾ ಕೂತಿದ್ದರು. ಬಾಯಿಗೆ ಬಂದುಬಿಡ್ತು — "ಚಿಂತಾಮಣಿಗೆ ಯಾವಾಗ ಹೊರಡ್ತೀರ?"

"ಹೊರಡ್ತೀನಮ್ಮ," ಅಂದರು. ಕಾಯಿ ಬಿಡಿಸ್ತಾನೇ ಇದ್ದರು.

ಸಂಜೆ ಸ್ಕೂಲಿಂದ ಬರೋವಾಗ ಬಸ್ ಸ್ಟ್ಯಾಂಡಲ್ಲಿ ಕಂಡರು. ಮಡಿಲಲ್ಲಿ ಬಟ್ಟೆ ಗಂಟು. ಚಿಂತಾಮಣಿ ಬಸ್ಸು ಮುಂದೇ ನಿಂತಿತ್ತು, ಕಂಡಕ್ಟರು ಕೂಗ್ತಿದ್ದ. ಹತ್ತಲಿಲ್ಲ. ಬಸ್ಸು ಹೊರಟಿತು. ಟೀ ಅಂಗಡಿಯೋನು ಅಂದ, "ಬೆಳಿಗ್ಗೆಯಿಂದ ಹಿಂಗೇ ಕೂತವ್ರೆ."

ಹೋಗಿಬಿಡಬಹುದಿತ್ತು. ಅವರು ನನ್ನ ನೋಡಿರಲಿಲ್ಲ.

ಗಂಟು ತಗೊಂಡೆ. "ಏಳಿ, ಹೋಗಣ. ಅವರೇಕಾಳು ಸಾರು ಮಾಡಬೇಕು."

ಅವರ ನಡಿಗೆಗೆ ತಕ್ಕ ಹಾಗೆ ನಿಧಾನ ನಡೆದೆ. ಕಾಲು ನೋಯ್ತಿತ್ತು.

13-2-61
ಕೋನಪ್ಪನವರು ಮೊಮ್ಮಗಳ ಮದುವೆಗೆ ಇವರ ಜೊತೆ ಹೋಗಿ ಅಕ್ಷತೆ ಹಾಕಿ ಬಂದರು. ಹುಡುಗನ ಕೈಲಿತ್ತಂತೆ ಒಮೇಗಾ. "ಅವನಾದರೂ ಚೆನ್ನಾಗಿ ನೋಡ್ಕೊಳ್ಳಲಿ," ಅಂದರಂತೆ, ಅಷ್ಟೇ. ಊಟಕ್ಕೆ ನಿಲ್ಲಲಿಲ್ಲ. ಇಲ್ಲಿಗೆ ಬಂದು ನಿನ್ನೆ ರಾತ್ರಿದು ತಂಗಳು ಇದೆಯಾ ಅಂತ ಕೇಳಿ ಉಂಡರು.

20-2-61
ಇವತ್ತು ಜನಗಣತಿಯೋರು ಬಂದಿದ್ದರು. ಹೊಸಬರು, ಗೌರಿಬಿದನೂರು ಕಡೆ ಮೇಷ್ಟರು. ಇವರ ಹೆಸರು ಆಯ್ತು, ನಂದು ಆಯ್ತು. ಕೋನಪ್ಪನವರ ಕಡೆ ನೋಡಿ, "ಇವರು ನಿಮಗೇನಾಗಬೇಕು ಸ್ವಾಮಿ?"

"ಮಾವ," ಅಂದರು ಇವರು.

"ಅಂದ್ರೆ ಅಮ್ಮನೋರ ತಂದೆ," ಅಂತ ಮೇಷ್ಟರು ತಾವೇ ಅಂದುಕೊಂಡು ಪೆನ್ನು ಊರಿದರು. ಇವರು ನನ್ನ ಮುಖ ನೋಡಿದರು. ಕೋನಪ್ಪನವರು, "ಅಲ್ಲಪ್ಪ, ಅದು..." ಅಂತ ಶುರು ಮಾಡಿದರು. ಕೆಮ್ಮು ಬಂತು.

"ಹೌದು, ನಮ್ಮ ತಂದೆ," ಅಂದೆ. "ಬರ್ಕೊಳ್ಳಿ."

ಮೇಷ್ಟರು ಹೋದ ಮೇಲೆ ಕೋನಪ್ಪನವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೂತಿದ್ದರು. ನಾಳೆ ಇನ್‌ಸ್ಪೆಕ್ಷನ್ನು. ನೋಟ್ಸ್ ಆಫ್ ಲೆಸನ್ ಬರೆಯೋದು ಹಾಗೇ ಇದೆ. ಕೆಮ್ಮಿಗೆ ಕಷಾಯ ಇಟ್ಟಿದೀನಿ, ಮರಳ್ತಿದೆ. ಅವರೇ ಕೂಗ್ತಿದಾರೆ, ಉಕ್ಕತ್ತೆ ನೋಡಮ್ಮ ಅಂತ. ಏಳಬೇಕು.